ಅತ್ತೆ ಒಪ್ಪದ ಕೊಲೆ

ಕನ್ನಡದ ಡಬ್ಬಿಂಗ್ ಚರಿತ್ರೆಯನ್ನು ‘ರುದ್ರೇಶನಿಗಿಂತ ಮೊದಲು’ ಮತ್ತು ‘ರುದ್ರೇಶನ ನಂತರ’ ಎಂದು ಎರಡಾಗಿ ಸೀಳಿಯೇ ತೀರುತ್ತೇನೆಂದು ಕಳೆದ ಯುಗಾದಿಯ ಹೊತ್ತಿಗೆ ನಾನೊಂದು ನಿಶ್ಚಯ ಮಾಡಿದೆ. ಹೀಗೆ ಸೀಳಿಕೊಡಿ ಎಂದು ಕನ್ನಡಿಗರು ಯಾರೂ ಅರ್ಜಿ ಹಾಕಿರಲಿಲ್ಲ. ಆದರೂ ಮಾಡಿದೆ. ರುದ್ರೇಶ ಎಂದರೆ ನಾನೇ.

ನನ್ನ ಕಾರ್ಯಕ್ಷೇತ್ರ ಕಾಡುಗೋಡಿಯಲ್ಲಿ, ಮೆಟ್ರೊ ಇಳಿದು ಐದು ನಿಮಿಷ ನಡೆದರೆ ಸಿಗುವ ಟೈಲ್ಸ್ ಅಂಗಡಿಯೊಂದರ ನೆಲಮಾಳಿಗೆಯಲ್ಲಿದೆ. ಅಂಗಡಿಯೂ ಅದರ ಕೆಳಗಿನ ಸ್ಟುಡಿಯೊವೂ ಮುನೀಂದ್ರ ಅವರದು. ಅವರ ಅಜ್ಜ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಮೊಮ್ಮಗ ಈಗ ದನಿ ಬಿತ್ತುತ್ತಾರೆ. ಹೊರದೇಶದ ಧಾರಾವಾಹಿಗಳಿಗೆ ಕನ್ನಡದ ಬಾಯಿ ಜೋಡಿಸುವುದು ಅಲ್ಲಿಯ ಕಸುಬು. ಆ ಬಾಯಿಗೆ ಮಾತು ಬರೆಯುವುದು ನನ್ನ ಪಾಲಿನದು. ತೆರೆಯ ಮೇಲಿನ ದೊರೆಸಾನಿಯ ತುಟಿ ಎಷ್ಟು ಸಲ ಮುಚ್ಚಿ ತೆರೆಯುತ್ತದೋ ಅಷ್ಟೇ ಸಲ ಮುಚ್ಚಿ ತೆರೆಯುವಂಥ ಕನ್ನಡ ವಾಕ್ಯವನ್ನು ಹೊಸೆದು ಕೊಡಬೇಕು. ಅರ್ಥದ ವಿಚಾರವನ್ನು ಸಮಯ ಉಳಿದರೆ ನೋಡಿಕೊಳ್ಳಬಹುದು. ಎಂ.ಎ. ಓದುವಾಗ ಕಂದಪದ್ಯಕ್ಕೆ ಮಾತ್ರೆ ಎಣಿಸಿದ ಬೆರಳುಗಳು ಈಗ ತುಟಿ ಎಣಿಸುತ್ತವೆ.

ಹೀಗಿರುವಾಗ ನಮ್ಮ ಪಾಲಿಗೆ ಬಂದವನು ಕಾರ್ವಿನ್ ಹೇಲ್ ಎಂಬ ಪತ್ತೇದಾರ. ಹತ್ತು ಕಂತುಗಳ ಧಾರಾವಾಹಿ, ವಾರಕ್ಕೊಂದು ಪ್ರಸಾರ, ಅರ್ಧ ನಗು ಅರ್ಧ ಅಳು. ಹನ್ನೊಂದು ವರ್ಷದ ಹಿಂದೆ ಅವನ ಅಣ್ಣನನ್ನು ಯಾರೋ ಕೊಂದಿದ್ದಾರೆ. ಅಂದಿನಿಂದ ಅವನ ತಲೆಯ ಒಂದು ಮೊಳೆ ಸಡಿಲಾಗಿ ಉಳಿದವೆಲ್ಲ ವಿಪರೀತ ಬಿಗಿಯಾಗಿವೆ. ಫೋನಿನ ಗಂಟೆ ಕೇಳಿದರೆ ಮಂಚದ ಕೆಳಗೆ ಹೋಗುತ್ತಾನೆ. ಮಡಿಸಿಟ್ಟ ಛತ್ರಿ ಕಂಡರೆ ಅಳುತ್ತಾನೆ. ಕುಂಡದಲ್ಲಿರುವ ಜರೀಗಿಡವೊಂದನ್ನು ಕಂಕುಳಲ್ಲಿ ಇಟ್ಟುಕೊಳ್ಳದೆ ಮನೆ ಬಿಡುವುದಿಲ್ಲ. ಆದರೆ ಹೆಣದ ಮುಂದೆ ನಿಂತನೆಂದರೆ ಹತ್ತು ನಿಮಿಷದಲ್ಲಿ ಕೊಲೆಗಾರನ ಚಪ್ಪಲಿಯ ಅಳತೆಯನ್ನೂ ಹೇಳಿಬಿಡುತ್ತಾನೆ. ಕಂತಿಗೊಂದು ಕೊಲೆಯಂತೆ ಎಲ್ಲರ ಕೊಲೆಯನ್ನೂ ಬಿಡಿಸುವ ಈ ಮಹಾನುಭಾವನಿಗೆ ಬಿಡಿಸಲಾಗದೆ ಉಳಿದದ್ದು ಸ್ವಂತ ಅಣ್ಣನ ಕೊಲೆಯೊಂದೇ.

ಅವನನ್ನು ಬದುಕಿಸಿ ಇಟ್ಟಿರುವವಳು ಬಾಡಿಗೆಮನೆಯ ಒಡತಿ, ಮಿಸೆಸ್ ಡಂಕ್ಲಿ ಎಂಬ ಮುದುಕಿ. ಅವನು ಮಂಚದ ಕೆಳಗಿದ್ದರೆ ಅಲ್ಲಿಗೇ ಸೂಪಿನ ಬಟ್ಟಲು ತಳ್ಳುತ್ತಾಳೆ. ಗಿಡಕ್ಕೆ ನೀರು ಹಾಕುತ್ತಾಳೆ. ಈ ಮಹಾತಾಯಿಗೆ ಪುಸ್ತಕದ ಕನ್ನಡ ಆಡಿಸಿದರೆ ಅದು ಸಾಹಿತ್ಯದ್ರೋಹವೆಂದು ನನಗೆ ಅನಿಸಿತು. ಅವಳಿಗೆ ಬೇಕಾದದ್ದು ಮಣ್ಣಿನ ಮಾತು, ಬೆಂದ ದನಿ. ಆ ದನಿಗಾಗಿ ಊರೆಲ್ಲ ಹುಡುಕಿ ಸೋತು ಒಂದು ಸಂಜೆ ಮನೆಗೆ ಬಂದಾಗ, ಅದು ನಮ್ಮ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಏಳನೆಯ ಮಹಡಿಯಿಂದ ಕೆಳಗಿನ ಸೊಪ್ಪಿನ ಗಾಡಿಯವನನ್ನು ವಿಚಾರಿಸಿಕೊಳ್ಳುತ್ತಿತ್ತು.

ನನ್ನ ಅತ್ತೆ ಶರಣಮ್ಮನವರು ಗುಳೇದಗುಡ್ಡದವರು. ಮಂಡಿನೋವಿನ ಚಿಕಿತ್ಸೆಗೆಂದು ಮೂರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿದ್ದರು. ಎದೆಯ ಮೇಲೆ ಇಷ್ಟಲಿಂಗ, ಹಣೆಯ ಮೇಲೆ ವಿಭೂತಿ, ಬೆಳಗಿನ ಪೂಜೆಯಾಗದೆ ಬಾಯಿಗೆ ಹನಿ ನೀರಿಲ್ಲ. ಮಾತು ಮಾತ್ರ ಯಾವ ಹೊತ್ತಿಗೂ ಸಿದ್ಧ. ಪುಣ್ಯವಶಾತ್ ಅವರಿಗೆ ಪತ್ತೇದಾರಿ ಕಥೆಯೆಂದರೆ ಪ್ರಾಣ.

ನನ್ನ ಯೋಜನೆ ಕೇಳಿ ಹೆಂಡತಿ ಸೌಮ್ಯಾ ಲ್ಯಾಪ್‌ಟಾಪ್ ಮುಚ್ಚಿದಳು. ಕಂಪನಿಯೊಂದರಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವಳ ಉದ್ಯೋಗ. ಮನೆಗೆ ಬಂದ ಮೇಲೂ ಅವಳು ಆ ಕೆಲಸ ನಿಲ್ಲಿಸುವುದಿಲ್ಲ.

“ಅವ್ವನ್ನ ಇದರಾಗ ಎಳೀಬ್ಯಾಡ್ರಿ,” ಅಂದಳು. “ಆಕಿ ತನಗ ಖರೆ ಅನಿಸಿದ್ದಷ್ಟ ಮಾತಾಡಾಕಿ. ನೀವು ಬರದದ್ದು ಆಡಾಕಿ ಅಲ್ಲ.”

ನಾನು ನಕ್ಕು, ಕಲೆ ಎಂದರೇನು ಎಂಬುದನ್ನು ಅವಳಿಗೆ ಕಾಲು ಗಂಟೆ ವಿವರಿಸಿದೆ. ಅತ್ತೆಯಂತೂ ಒಪ್ಪಿದರು. ಒಂದೇ ಷರತ್ತು: ತಮ್ಮ ಬಾಯಿಂದ ಕೆಟ್ಟದ್ದೇನೂ ಆಡಿಸಬಾರದು. ನಾನು ಎದೆಯ ಮೇಲೆ ಕೈಯಿಟ್ಟು, ಮಿಸೆಸ್ ಡಂಕ್ಲಿಯಂಥ ಸಾಧ್ವಿ ಇಡೀ ಪಾಶ್ಚಾತ್ಯ ಜಗತ್ತಿನಲ್ಲೇ ಇಲ್ಲ ಎಂದು ಮಾತು ಕೊಟ್ಟೆ. ಆಗ ನನ್ನ ಕೈಗೆ ಬಂದಿದ್ದದ್ದು ಮೊದಲ ಎರಡು ಕಂತು ಮಾತ್ರ.

ಮೊದಲ ದಿನವೇ ಅತ್ತೆ ಸ್ಟುಡಿಯೊವನ್ನು ಗೆದ್ದರು. ತಲೆಯ ಮೇಲಿನ ಸೆರಗನ್ನು ತೆಗೆಯಲೊಲ್ಲೆ ಎಂದದ್ದರಿಂದ ಹೆಡ್‌ಫೋನನ್ನು ಸೆರಗಿನ ಮೇಲೆಯೇ ಕಿರೀಟದಂತೆ ಕೂರಿಸಲಾಯಿತು. ಕಾಗದ ಓದುವ ಕನ್ನಡಕ ಅವರಿಗೆ ಒಗ್ಗದು. ಹಾಗಾಗಿ ಗಾಜಿನ ಆಚೆ ಕೂತು ನಾನು ಒಂದೊಂದೇ ಸಾಲು ಹೇಳುವುದು, ಅವರು ತೆರೆಯ ಮೇಲಿನ ಮುದುಕಿಯನ್ನು ದಿಟ್ಟಿಸಿ ಅದನ್ನು ಆಡುವುದು. ಡಬ್ಬಿಂಗಿನಲ್ಲಿ ಪದ್ಧತಿಯೇ ಹಾಗೆ: ಆಡುವವರಿಗೆ ತಮ್ಮ ಪಾತ್ರದ ತುಣುಕುಗಳಷ್ಟೇ ಕಾಣುತ್ತವೆ, ಇಡೀ ಕಥೆ ಗೊತ್ತಿರುವುದು ಬರೆಯುವವನಿಗೆ. ಈ ಪದ್ಧತಿಯೇ ಮುಂದೆ ನನ್ನ ಅಡಗುತಾಣವಾಯಿತು.

“ಉಣ್ಣೋ ತಮ್ಮಾ, ಆರಿ ಹೋಗ್ತೈತಿ,” ಎಂದು ಅತ್ತೆ ಕಾರ್ವಿನ್ ಹೇಲ್‌ನನ್ನು ಗದರಿದಾಗ ದನಿಮುದ್ರಣದ ಅಂಜನ್ ಕಣ್ಣೊರೆಸಿಕೊಂಡ. ಮುಂಬಯಿಯ ಗ್ರಾಹಕರು ಒಂದೇ ಸಾಲಿನಲ್ಲಿ ಒಪ್ಪಿಗೆ ಬರೆದರು. ಮೊದಲ ಕಂತು ಪ್ರಸಾರವಾದ ಭಾನುವಾರ ಮಧ್ಯಾಹ್ನ ಗುಳೇದಗುಡ್ಡದಲ್ಲಿ ಮಾವನ ಮನೆಯ ಪಡಸಾಲೆಯಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲವಂತೆ. ಮುದುಕಿಯ ಹೆಸರು ಅಲ್ಲಿ ಯಾರ ನಾಲಿಗೆಗೂ ಹೊರಳದೆ ಎರಡನೆಯ ವಾರಕ್ಕೆ ‘ಡಂಕ್ಲವ್ವ’ ಎಂದಾಯಿತು; ಮೂರನೆಯ ವಾರಕ್ಕೆ ಅತ್ತೆಗೇ ಆ ಹೆಸರು ಬಂತು.

ಅತ್ತೆಯಲ್ಲಿ ಒಂದು ವಿಚಿತ್ರ ಶಿಸ್ತು ಇತ್ತು. ಮುದ್ರಣದ ಹಿಂದಿನ ಸಂಜೆ, ನಾಳೆ ಡಂಕ್ಲವ್ವ ಏನೇನು ಅನ್ನುತ್ತಾಳೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಸೂಪಿನ ಮಾತಿದ್ದ ದಿನ ಬೆಳಿಗ್ಗೆ ಮನೆಯಲ್ಲಿ ತಪ್ಪದೆ ಬೇಳೆಸಾರು. ಒಮ್ಮೆ ‘ಹೊರಗೆ ಮಳೆ ಬರ್ತೈತಿ’ ಎಂಬ ಸಾಲು ಬಂದಾಗ ಹೆಡ್‌ಫೋನ್ ತೆಗೆದಿಟ್ಟು ಮೆಟ್ಟಿಲು ಹತ್ತಿ ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಮರಳಿದಾಗ ಸೆರಗಿನ ತುದಿ ಒದ್ದೆಯಾಗಿತ್ತು. ಇದನ್ನು ನಾನು ಪಾತ್ರದಲ್ಲಿ ಪರಕಾಯ ಪ್ರವೇಶ ಎಂದು ವ್ಯಾಖ್ಯಾನಿಸಿ, ಸ್ಟುಡಿಯೊದಲ್ಲಿ ಈ ಕುರಿತು ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಮೂರ್ಖತನಕ್ಕೆ ಸ್ನಾತಕೋತ್ತರ ಪದವಿಯ ಬೆಂಬಲವಿದ್ದರೆ ಅದು ಎಷ್ಟು ದೂರವಾದರೂ ಹೋಗಬಲ್ಲದು.

ಉಳಿದ ಎಂಟು ಕಂತುಗಳು ನನ್ನ ಕೈಸೇರಿದ್ದು ಮುದ್ರಣದ ಮೂರನೆಯ ವಾರದ ಸೋಮವಾರ. ಕುತೂಹಲ ತಡೆಯಲಾರದೆ ನೇರ ಕೊನೆಯ ಕಂತನ್ನೇ ನೋಡಿದೆ. ಮೂವತ್ತೆಂಟನೆಯ ನಿಮಿಷದಲ್ಲಿ ಕಾರ್ವಿನ್ ಹೇಲ್ ಜರೀಗಿಡವನ್ನು ಮೇಜಿನ ಮೇಲಿಟ್ಟು ತಲೆ ಎತ್ತುತ್ತಾನೆ. ಎದುರಿಗೆ ಬಟ್ಟಲು ಹಿಡಿದು ನಿಂತ ಮಿಸೆಸ್ ಡಂಕ್ಲಿ ನಿಧಾನವಾಗಿ ಕುರ್ಚಿಗೆ ಕೂರುತ್ತಾಳೆ. ಅವನ ಅಣ್ಣನನ್ನು ಕೊಂದದ್ದು ಅವಳೇ.

ನಾನೂ ಕುರ್ಚಿಯಲ್ಲಿಯೇ ಕೂತಿದ್ದೆ. ಅದಕ್ಕಿಂತ ಕೆಳಗೆ ಕುಸಿಯಲು ಜಾಗ ಬೇಕಿತ್ತು.

ಅಂದೇ ಮನೆಗೆ ಹೋಗಿ ಹೇಳಿಬಿಡಬಹುದಿತ್ತು. ಆದರೆ ಕೊಲೆಗಾರರ ಹೆಸರನ್ನು ಯಾರಿಗೂ ಹೇಳುವುದಿಲ್ಲವೆಂದು ನಾನು ಮುಂಬಯಿಯವರಿಗೆ ಸಹಿ ಹಾಕಿ ಕೊಟ್ಟಿದ್ದೆ. ಹೇಡಿಗಳಿಗೆ ಕಾನೂನಿನಷ್ಟು ಆಪ್ತಮಿತ್ರ ಬೇರೆ ಇಲ್ಲ. ಎಂಟು ವಾರ ಆ ಕಾಗದದ ಹಿಂದೆ ಬಚ್ಚಿಟ್ಟುಕೊಂಡೆ. ದಿನವೂ ಅತ್ತೆ ತಟ್ಟಿದ ಬಿಸಿ ರೊಟ್ಟಿಯನ್ನು ಅವರ ಎದುರೇ ಕೂತು ತಿಂದೆ. ಕೊನೆಗೆ ನಮ್ಮ ಡಂಕ್ಲವ್ವ ಏನಾಗುತ್ತಾಳೆ ಎಂದು ಅವರು ಕೇಳಿದಾಗಲೆಲ್ಲ, ದೊಡ್ಡ ಪಾತ್ರ ಅತ್ತೆ, ಕಥೆಯೆಲ್ಲ ಅವಳ ಮೇಲೆಯೇ ನಿಂತಿದೆ ಎಂದೆ. ಅತ್ತೆ ಆ ಶುಭವಾರ್ತೆಯನ್ನು ಊರಿಗೆ ಫೋನ್ ಮಾಡಿ ತಿಳಿಸಿದರು. ಕೊನೆಯ ಕಂತಿಗೆ ಮಾವನವರು ಓಣಿಯಲ್ಲಿ ದೊಡ್ಡ ಪರದೆ ಕಟ್ಟಿಸುವ ಸಿದ್ಧತೆ ನಡೆಸಿದರು.

ಕೊನೆಯ ಮುದ್ರಣದ ಹಿಂದಿನ ಸಂಜೆಯೂ ಅತ್ತೆ ಎಂದಿನಂತೆ ನಾಳೆಯ ಮಾತು ಕೇಳಿದರು. ಸಣ್ಣ ಕೆಲಸ, ನಾಲ್ಕು ಸಾಲು ಎಂದು ತೇಲಿಸಿದೆ. ನನ್ನ ಯುದ್ಧತಂತ್ರ ಸರಳವಾಗಿತ್ತು: ತಪ್ಪೊಪ್ಪಿಗೆಯ ತುಣುಕನ್ನು ಎಲ್ಲಕ್ಕಿಂತ ಕೊನೆಗೆ ಇಡುವುದು, ಅತ್ತೆ ದಣಿದಿರುವ ಹೊತ್ತಿಗೆ ಸರಸರನೆ ಆಡಿಸಿಬಿಡುವುದು. ಸಂಜೆ ಐದಕ್ಕೆ ಕಂತು ಮುಂಬಯಿ ತಲುಪಬೇಕು. ತಲುಪದಿದ್ದರೆ ಎರಡನೆಯ ಸೀಸನ್ ಬೇರೆ ಊರಿನ ಸ್ಟುಡಿಯೊಗೆ ಹೋಗುತ್ತದೆ ಎಂದು ಮುನೀಂದ್ರ ಬೆಳಿಗ್ಗೆಯೇ ಹೇಳಿದ್ದರು. ತಲುಪಿಸುವ ಹೊಣೆ ನನ್ನದು, ನನ್ನ ಅತ್ತೆ ಬಂಗಾರ ಎಂದು ನಾನು ಅವರ ಕೈ ಕುಲುಕಿದ್ದೆ.

ಮಧ್ಯಾಹ್ನ ಎರಡೂವರೆಗೆ ಆ ತುಣುಕು ಬಂತು. ನಾನು ಗಾಜಿನ ಈಚೆಯಿಂದ, ಸಂತೆಗೆ ಹೋಗಿ ಬಂದೆ ಎನ್ನುವಷ್ಟು ಹಗುರವಾಗಿ ಸಾಲು ಹೇಳಿದೆ: “ನಾನೇ ಕೊಂದೆ ತಮ್ಮಾ.”

ಅತ್ತೆ ತೆರೆಯಿಂದ ಕಣ್ಣು ಕಿತ್ತು ನನ್ನತ್ತ ನೋಡಿದರು.

“ಯಾರ್ನ?”

“ಆ ಪತ್ತೇದಾರನ ಅಣ್ಣನ್ನ, ಅತ್ತೆ. ನೀವಲ್ಲ. ಡಂಕ್ಲವ್ವ.”

“ಡಂಕ್ಲವ್ವ ಕೊಂದಾಳಾ?”

“ಹೌದು.”

ಅವರು ಬಹಳ ಹೊತ್ತು ಆ ಮುದುಕಿಯ ನಿಶ್ಚಲ ಚಿತ್ರವನ್ನು ನೋಡಿದರು. ಹತ್ತು ವಾರ ತಮ್ಮ ದನಿ ಕೊಟ್ಟು ಸಾಕಿದ ಹೆಣ್ಣು. ಆಮೇಲೆ ಹೆಡ್‌ಫೋನನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟರು.

“ನೋಡ್ರಿ ರುದ್ರೇಶಪ್ಪಾರ, ಕೊಂದಿದ್ರ ಪಾಪ. ಕೊಲ್ಲದ ಕೊಂದೀನಿ ಅಂದ್ರ ಸುಳ್ಳು. ಎದಿ ಮ್ಯಾಲೆ ಲಿಂಗ ಇಟ್ಕೊಂಡು ಎರಡ್ರಾಗ ಯಾವ್ದೂ ನನ್ನ ಬಾಯಾಗ ಬರೂದಿಲ್ಲ.”

ನಾನು ತರ್ಕಶಾಸ್ತ್ರದ ಆಸರೆ ಹಿಡಿದೆ. ಹಾಗಾದರೆ ಇಷ್ಟು ವಾರ ಆಡಿದ್ದೆಲ್ಲ ಏನು? ಸೂಪು ಮಾಡಿದ್ದೇನೆ ಎಂದಿರಿ, ಅದು ಸುಳ್ಳಲ್ಲವೇ? ಅತ್ತೆ ಸಾವಧಾನವಾಗಿ ಉತ್ತರಿಸಿದರು: ಆ ದಿನಗಳಲ್ಲೆಲ್ಲ ಬೆಳಿಗ್ಗೆ ಸಾರು ಮಾಡಿಟ್ಟೇ ಬಂದಿದ್ದರು. ಕಾಲು ನೋಯುತ್ತಿದೆ ಎಂದದ್ದು ನಿಜ, ಮಂಡಿಗೆ ಕೇಳಬಹುದು. ಮಳೆ ಬರುತ್ತಿದೆ ಎಂದದ್ದೂ ನಿಜ. ಬರುವ ತನಕ ಟೈಲ್ಸ್ ಅಂಗಡಿಯ ಮುಂದೆ ಕಾದಿದ್ದರು. ಹುಡುಗನನ್ನು ಮಗನಂತೆ ನೋಡುತ್ತೇನೆ ಎಂದದ್ದು ಎಲ್ಲಕ್ಕಿಂತ ನಿಜ. ಒಂಬತ್ತು ಕಂತುಗಳಲ್ಲಿ ಅವರು ಒಂದೇ ಒಂದು ಸುಳ್ಳಾಡಿರಲಿಲ್ಲ. ನನ್ನ ಪರಕಾಯ ಪ್ರವೇಶದ ಸಿದ್ಧಾಂತ ಅಲ್ಲಿಯೇ ಪ್ರಾಣ ಬಿಟ್ಟಿತು.

ಮೂರು ಗಂಟೆಗೆ ಮುನೀಂದ್ರರನ್ನು ಕರೆಸಿದೆ. ಟೈಲ್ಸಿನ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಬಂದ ಅವರು ಅತ್ತೆಯ ಎದುರು ಸ್ಟೂಲು ಎಳೆದು ಕೂತರು.

“ಅಮ್ಮಾ, ಇದು ಬರೀ ಪಾರ್ಟು ಕಣಮ್ಮ. ನಮ್ ಚಿಕ್ಕಪ್ಪ ಊರ್ ನಾಟಕದಾಗೆ ರಾಕ್ಸಸನ ಪಾರ್ಟ್ ಆಕ್ತಾನೆ. ವರ್ಸಾ ವರ್ಸಾ ಸಾಯ್ತಾನೆ. ಬೆಳಿಗ್ಗೆ ಎದ್ದು ಎಮ್ಮೆ ಆಲು ಕರೀತಾನೆ. ಅಂಗೇ ಅಂದ್ಕಳಿ.”

“ಸಾಯಾಕ ನಾನೂ ತಯಾರದೀನಿ ಮುನೀಂದ್ರಪ್ಪ,” ಅಂದರು ಅತ್ತೆ. “ಸಾಯೂದ್ರಾಗ ಸುಳ್ಳ ಎಲ್ಲೈತಿ? ಇವತ್ತಲ್ಲ ನಾಳಿ ಎಲ್ಲಾರೂ ಸಾಯಾವ್ರ. ಬೇಕಿದ್ರ ಡಂಕ್ಲವ್ವನ್ನ ಸಾಯಿಸ್ರಿ, ಈಗಿಂದೀಗ ಹಾಯ್ ಅಂತ ನರಳಿ ಕೊಡ್ತೀನಿ.”

ಮುನೀಂದ್ರ ನನ್ನತ್ತ ತಿರುಗಿ, ಮುಂಬಯಿಯವರಿಗೆ ಹೇಳಿ ಇವಳನ್ನು ಸಾಯಿಸೋಕೆ ಆಗುತ್ತಾ ಎಂದು ಗಂಭೀರವಾಗಿ ವಿಚಾರಿಸಿದರು. ಆಗುವುದಿಲ್ಲ ಎಂದೆ. ಹಾಗಾದರೆ ನೀನೇ ನೋಡ್ಕೋ, ನಿನ್ನ ಅತ್ತೆ ನಿನ್ನ ಬಂಗಾರ ಎಂದು ಮೆಟ್ಟಿಲು ಹತ್ತಿ ಹೋದರು. ಗಂಟೆ ಮೂರೂಕಾಲು.

ಈ ಘಟ್ಟದಲ್ಲಿ ನನ್ನೊಳಗಿನ ಮಹಾಮತಿ ಎಚ್ಚರಗೊಂಡ. ಅತ್ತೆಗೆ ಮೇಲಿನ ಅಂಗಡಿಯಲ್ಲಿ ಚಹಾ ಕುಡಿದು ಬರಲು ಹೇಳಿ ಕಳಿಸಿ, ಅಂಜನ್‌ನ ಕಿವಿಯಲ್ಲಿ ಉಪಾಯ ಉಸುರಿದೆ. ಒಂಬತ್ತು ಕಂತುಗಳ ಅತ್ತೆಯ ದನಿ ನಮ್ಮ ಕಂಪ್ಯೂಟರಿನಲ್ಲಿದೆ. ಅದರಿಂದಲೇ ಬೇಕಾದ ಮಾತನ್ನು ಆಯ್ದು ಜೋಡಿಸಿದರೆ? ‘ನಾನೇ’ ಹೇರಳವಾಗಿತ್ತು, ಎಲ್ಲ ಕೆಲಸವನ್ನೂ ತಾನೇ ಮಾಡುವ ಹೆಂಗಸು ಅವಳು. ‘ತಮ್ಮಾ’ ಅರವತ್ತೇಳು ಕಡೆ ಸಿಕ್ಕಿತು. ಆದರೆ ‘ಕೊಂದೆ’ ಎಂಬ ಒಂದು ಪದ ಒಂಬತ್ತು ಕಂತುಗಳಲ್ಲಿ ಎಲ್ಲಿಯೂ ಇರಲಿಲ್ಲ. ಇಷ್ಟು ಕೊಲೆಗಳ ನಡುವೆ ಆ ಪದವನ್ನು ಆಡದೆ ಉಳಿದ ಏಕೈಕ ವ್ಯಕ್ತಿ ಕೊಲೆಗಾತಿಯೇ. ಕೊನೆಗೆ ‘ಕೊಂಬೆ’ಯ ತಲೆ ಕತ್ತರಿಸಿ, ‘ಹೋದೆ’ಯ ಬಾಲ ಕತ್ತರಿಸಿ, ಅಂಜನ್ ಎರಡನ್ನೂ ಬೆಸೆದು ಸ್ಪೀಕರಿನಲ್ಲಿ ಹಾಕಿದ.

“ನಾನೇ ಕೊಂ... ದೆ ತಮ್ಮಾ,” ಎಂದಿತು ಯಂತ್ರ. ಕೊಡಪಾನದಲ್ಲಿ ಸಿಕ್ಕಿಬಿದ್ದ ಕಪ್ಪೆಯೊಂದು ಪಶ್ಚಾತ್ತಾಪ ಪಟ್ಟಂತಿತ್ತು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಹಾಕಿದ. ನಾಲ್ಕನೆಯ ಸಲಕ್ಕೆ ಸ್ವಲ್ಪ ಮನುಷ್ಯರ ದನಿಯಂತೆ ಕೇಳಿತು ಎಂದು ನಾವಿಬ್ಬರೂ ಕೈ ಕುಲುಕುವಾಗ, ಬೆನ್ನ ಹಿಂದೆ ಯಾರೋ ಚಹಾ ಹೀರಿದ ಸದ್ದಾಯಿತು.

ಅತ್ತೆ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಸಿಟ್ಟಿರಲಿಲ್ಲ. ನನ್ನನ್ನು ನೋಡಲೂ ಇಲ್ಲ. ನೇರವಾಗಿ ದುರ್ಬಲವಾದ ಕೊಂಡಿಗೇ ಕೈ ಹಾಕಿದರು.

“ಅಂಜನಪ್ಪ, ಒಬ್ಬರ ವಸ್ತು ಅವರಿಗೆ ಹೇಳದಂಗ ತಗೊಂಡ್ರ ಅದಕ್ಕ ನಿಮ್ಮ ಕಡೆ ಏನಂತಾರ?”

“ಕಳ್ತನ ಅಂತಾರಮ್ಮ,” ಎಂದ ಅಂಜನ್, ಮತ್ತು ಯಾರೂ ಕೇಳದಿದ್ದರೂ ಬೆರಳು ತೋರಿಸಿ, “ಸಾರ್ ಹೇಳಿದ್ದು,” ಎಂದು ಸೇರಿಸಿದ.

ಕಾರ್ವಿನ್ ಹೇಲ್‌ಗೆ ಒಂದು ತಪ್ಪೊಪ್ಪಿಗೆ ಪಡೆಯಲು ಹತ್ತು ಕಂತು ಬೇಕಾಗಿತ್ತು. ಅತ್ತೆಗೆ ಅರ್ಧ ಲೋಟ ಚಹಾ ಸಾಕಾಯಿತು.

ಗಂಟೆ ನಾಲ್ಕಕ್ಕೆ ಹತ್ತಿರವಾಗಿತ್ತು. ಗುಳೇದಗುಡ್ಡದ ಕನ್ನಡವನ್ನು ಗುಳೇದಗುಡ್ಡದವರಂತೆ ಆಡುವ ಇನ್ನೊಂದು ಹೆಣ್ಣು ದನಿ ನನಗೆ ಗೊತ್ತಿದ್ದದ್ದು ಒಂದೇ. ಎರಡು ಮೆಟ್ರೊ ನಿಲ್ದಾಣ ಆಚೆ ಆಫೀಸಿನಲ್ಲಿದ್ದ ಸೌಮ್ಯಾಳಿಗೆ ಫೋನ್ ಮಾಡಿ, ಕೂಡಲೇ ಬಂದು ನಾಲ್ಕು ಸಾಲು ಆಡಿ ಸಂಸಾರವನ್ನು ಕಾಪಾಡು ಎಂದೆ. ಅವಳು ಸ್ಪೀಕರಿಗೆ ಹಾಕಿ ಎಂದಳು. ಹಾಕಿದೆ. ಅವ್ವ ಅಲ್ಲಿದಾಳೇನ್ರಿ ಎಂದಳು. ಇದ್ದಾರೆ ಎಂದೆ. ನಾಲ್ಕು ಸಾಲು ಯಾವುವು ಎಂದಳು. ಓದಿದೆ.

ಅವಳು ಆಫೀಸಿನ ಕಾಫಿ ಯಂತ್ರ ನಿಲ್ಲಿಸಿದ ಸದ್ದು ಫೋನಿನಲ್ಲಿ ಕೇಳಿಸಿತು.

“ನಿಮಗ ಯಾವಾಗ ಗೊತ್ತಾತು?”

“ಏನು?”

“ಆಕಿ ಕೊಂದಾಳ ಅನ್ನೂದು. ಇವತ್ತ ಗೊತ್ತಾತೋ, ಮೊದಲ ಗೊತ್ತಿತ್ತೋ?”

ಇಷ್ಟು ಹೊತ್ತು ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ತೆ ಲೋಟ ಕೆಳಗಿಟ್ಟರು. ಅಂಜನ್ ಕುರ್ಚಿಯನ್ನು ನಿಧಾನವಾಗಿ ನನ್ನಿಂದ ದೂರ ಸರಿಸಿಕೊಂಡ. ಸಹಿ ಹಾಕಿದ ಕಾಗದದ ವಿಷಯ ಎತ್ತಿದೆ. ಮುಂಬಯಿಯ ವಿಷಯ ಎತ್ತಿದೆ. ಎತ್ತಲು ಇನ್ನೇನೂ ಉಳಿಯದಿದ್ದಾಗ, ಮೂರನೆಯ ವಾರದಿಂದ ಗೊತ್ತಿತ್ತು ಎಂದೆ.

“ಎಂಟು ವಾರ,” ಎಂದಳು ಸೌಮ್ಯಾ. ಲೆಕ್ಕದಲ್ಲಿ ಅವಳು ತಪ್ಪುವುದಿಲ್ಲ. “ಅವ್ವ ಒಲ್ಲೆ ಅಂದ ಸುಳ್ಳ ನಾ ಬಂದು ಆಡ್ಬೇಕಾ? ನನಗ ನಾಲ್ಕೂವರೆಗೆ ಮೀಟಿಂಗ್ ಐತ್ರಿ.” ಫೋನ್ ಇಟ್ಟಳು.

ನಾನು ಅತ್ತೆಯ ಮುಖ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತೇನೋ, ಅಲ್ಲಿದ್ದದ್ದು ಕೋಪವಲ್ಲ ಎಂದು ಅಂಜನ್ ಆಮೇಲೆ ಹೇಳಿದ. ಊರಿಗೆ ಊರೇ ಪರದೆಯ ಮುಂದೆ ಕೂತಿರುವಾಗ ತಮ್ಮ ದನಿ ಹೊತ್ತ ಹೆಣ್ಣು ಕೊಲೆಗಾತಿಯಾಗುವುದನ್ನು ಅವರು ಒಬ್ಬರೇ ಮನಸ್ಸಿನಲ್ಲಿ ಕಾಣುತ್ತಿದ್ದರಂತೆ.

ಕೊನೆಗೆ ಅವರೇ ಮಾತಾಡಿದರು.

“ರುದ್ರೇಶಪ್ಪಾರ, ನೀವ ಅಂದ್ಬಿಡ್ರಿ.”

“ಏನನ್ನ?”

“ಕೊಂದೆ ಅನ್ನೂದನ್ನ. ನಿಮಗೇನ ತೊಡಕಿಲ್ಲ. ನಿಮ್ಮ ಕೊಳ್ಳಾಗ ಏನೂ ಇಲ್ಲಲ್ಲ.”

ನನ್ನ ಕೈ ತಾನಾಗಿಯೇ ಅಂಗಿಯ ಕಾಲರಿಗೆ ಹೋಯಿತು. ನನ್ನ ಇಷ್ಟಲಿಂಗ ಮದುವೆಯ ಮರುತಿಂಗಳಿಂದ ದೇವರ ಕಪಾಟಿನಲ್ಲಿ ವಿಶ್ರಾಂತಿ ಪಡೆಯುತ್ತಿದೆ. ಅತ್ತೆ ಬಂದಾಗಲೆಲ್ಲ ನಾನು ಮೇಲಿನ ಗುಂಡಿಯನ್ನೂ ಹಾಕಿಕೊಂಡು ತಿರುಗುತ್ತಿದ್ದೆ.

“ನಿಮಗೆ ಹೇಗೆ...”

ಅತ್ತೆ ಬೆರಳು ಮಡಿಸಲಿಲ್ಲ, ಸುಮ್ಮನೆ ಹೇಳಿದರು. ಸ್ನಾನ ಮುಗಿಸಿ ಬಂದಾಗ ಬನಿಯನ್ನಿನ ಮೇಲೆ ದಾರದ ಗೆರೆ ಕಾಣುವುದಿಲ್ಲ. ಬೆಳಿಗ್ಗೆ ಎದ್ದವರೇ ನೇರ ಕಾಫಿಗೆ ಕೈ ಚಾಚುತ್ತೀರಿ. ಸೆಕೆಯಲ್ಲಿಯೂ ಮೇಲಿನ ಗುಂಡಿ ಬಿಚ್ಚುವುದಿಲ್ಲ. “ಮತ್ತ ಕಪಾಟಿನಾಗಿನ ನಿಮ್ಮ ಲಿಂಗದ ಕರಡಿಗಿ ಮ್ಯಾಲಿನ ಧೂಳಾ ಸೋಮವಾರಕ್ಕೊಮ್ಮೆ ನಾನ ಒರಸ್ತೀನಿ. ಅದಿರ್ಲಿ. ಸುಳ್ಳಂತೂ ನಿಮಗ ಎಂಟು ವಾರದಿಂದ ರೂಢಿ ಐತಿ. ಒಳಗ ಹೋಗ್ರಿ.”

ಕಾರ್ವಿನ್ ಹೇಲ್‌ನಂತೆ ಕಂಕುಳಲ್ಲಿ ಜರೀಗಿಡ ಒಂದಿಲ್ಲ, ಅಷ್ಟೇ.

ಒಳಗೆ ಹೋದೆ. ದನಿಯನ್ನು ಹೆಣ್ಣಿನ ಮಟ್ಟಕ್ಕೆ ಏರಿಸುವುದು ಯಂತ್ರದ ಕೆಲಸ, ನೀವು ಮಾತನ್ನು ಸರಿಯಾಗಿ ಆಡಿ ಸಾಕು ಎಂದು ಅಂಜನ್ ಧೈರ್ಯ ತುಂಬಿದ. ಆದರೂ ಮೊದಲ ಸಲ ನಾನೇ ದನಿ ಏರಿಸಿದೆ. ಶೀತವಾದ ಸ್ತ್ರೀಪಾತ್ರಧಾರಿಯಂತೆ ಕೇಳಿತು. ಎರಡನೆಯ ಸಲ ನನ್ನ ಹುಟ್ಟೂರು ದಾವಣಗೆರೆಯ ಉಚ್ಚಾರ ನುಸುಳಿತು. ಮೂರನೆಯ ಸಲ ಗದ್ಗದಿತನಾಗಿ ಒಂದು ಬಿಕ್ಕನ್ನೂ ಸೇರಿಸಿದೆ. ಗಾಜಿನ ಆಚೆ, ಇಷ್ಟು ವಾರ ನಾನು ಕೂತಿದ್ದ ಕುರ್ಚಿಯಲ್ಲಿ ಈಗ ಅತ್ತೆ ಕೂತಿದ್ದರು. ಅವರು ಅಂಜನ್‌ನ ಕೈ ಸರಿಸಿ ಒಳಗೆ ಮಾತಾಡುವ ಗುಂಡಿ ಒತ್ತಿದರು.

“ಅಳಬ್ಯಾಡ್ರಿ. ತಪ್ಪ ಮಾಡಿದವ್ರು ಅಳೂದಿಲ್ಲ, ಕೆಳಗ ನೋಡ್ತಾರ.”

ಕೆಳಗೆ ನೋಡಿದೆ. ನನ್ನದೇ ಕೈಬರಹದಲ್ಲಿ ನಾಲ್ಕು ಸಾಲು ಇದ್ದವು. ಬರೆಯುವಾಗ ನಾನು ತುಟಿಯನ್ನಷ್ಟೇ ಎಣಿಸಿದ್ದೆ. ಅವುಗಳಲ್ಲಿ ಏನಿದೆಯೆಂದು ಓದಿರಲಿಲ್ಲ.

“ನಾನೇ ಕೊಂದೆ ತಮ್ಮಾ. ದಿನಾ ನಿನ್ನ ಎದುರಿಗೆ ಕುಂತ ಉಂಡೆ. ದಿನಾ ಹೇಳಬೇಕು ಅಂದ್ಕೊಂಡೆ. ಹೇಳಲಿಲ್ಲ.”

ಮೊದಲ ಸಾಲನ್ನು ಬಿಟ್ಟರೆ ಉಳಿದ ಮೂರರಲ್ಲಿ ನಾನು ನಟಿಸುವಂಥದ್ದೇನೂ ಇರಲಿಲ್ಲ. ದನಿ ತಾನಾಗಿಯೇ ತಗ್ಗಿತು.  ಗಾಜಿನ ಆಚೆ ಅತ್ತೆ ಮುಂದಕ್ಕೆ ಬಾಗಿದರು. ಆಮೇಲೆ ಗುಂಡಿ ಒತ್ತಿದ ಸದ್ದು.

“ಸಾಕು,” ಎಂದರು ಅತ್ತೆ. “ಇದು ಖರೆ ಐತಿ.”

ಕಂತು ನಾಲ್ಕು ಐವತ್ತೆರಡಕ್ಕೆ ಮುಂಬಯಿಗೆ ಹೊರಟಿತು. ಮನೆಗೆ ಮರಳುವಾಗ ಮೆಟ್ರೊದಲ್ಲಿ ಅತ್ತೆ ನನ್ನ ಪಕ್ಕದಲ್ಲಿಯೇ ಕೂತರು. ಸಂಜೆ ರೊಟ್ಟಿ ತಟ್ಟಿ ನನ್ನ ತಟ್ಟೆಗೆ ಎಂದಿನಂತೆ ಮೊದಲನೆಯದನ್ನೇ ಹಾಕಿದರು. ಸೌಮ್ಯಾ ಮಾತ್ರ ನಾಲ್ಕು ದಿನ ನನ್ನೊಡನೆ ಇ-ಮೇಲ್ ಮೂಲಕ ವ್ಯವಹರಿಸಿದಳು.

ಎರಡು ವಾರದ ನಂತರ ಪ್ರಸಾರವಾದ ಕೊನೆಯ ಕಂತು ನಮ್ಮೆಲ್ಲರ ನಿರೀಕ್ಷೆಯನ್ನು ಮೀರಿತು. ಮುಂಬಯಿಯವರು ಆ ತಪ್ಪೊಪ್ಪಿಗೆಯನ್ನು ಮಾದರಿಯೆಂದು ಉಳಿದ ಭಾಷೆಯವರಿಗೆಲ್ಲ ಕಳಿಸಿದರಂತೆ. ಎರಡನೆಯ ಸೀಸನ್ ನಮಗೇ ಬಂತು. ಗುಳೇದಗುಡ್ಡದಿಂದ ಮಧ್ಯಾಹ್ನವೆಲ್ಲ ಫೋನು. ಎಲ್ಲರೂ ಒಂದೇ ಮಾತು: ಶರಣಮ್ಮಾ, ಆ ಕೊನಿ ನಾಲ್ಕು ಮಾತಿನಾಗ ಏನ್ ಜೀವ ಇಟ್ಟಿ.

ಬೇರೆ ಯಾರಾದರೂ ಆಗಿದ್ದರೆ ಹ್ಞೂಂ ಎಂದು ಮೆಚ್ಚುಗೆಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು. ಅತ್ತೆಗೆ ಅದು ಸಾಧ್ಯವಿರಲಿಲ್ಲ. ಒಬ್ಬೊಬ್ಬರಿಗೂ ಬಿಡಿಸಿ ಬಿಡಿಸಿ ಹೇಳಿದರು: “ಅದು ನಾ ಅಲ್ಲವಾ. ಅಲ್ಲೀತನಕ ನಾನು. ಕೊಲಿ ಮಾಡಿದ್ದು ನಮ್ಮ ಅಳಿಯಾರು.” ಇಪ್ಪತ್ತಮೂರು ಫೋನುಗಳಿಗೆ ಇಪ್ಪತ್ತಮೂರು ಸಲ. ನಾನು ಪಕ್ಕದ ಕೋಣೆಯಲ್ಲಿ ದಿಂಬಿನ ಕೆಳಗೆ ತಲೆಯಿಟ್ಟುಕೊಂಡು, ಗಂಟೆಯ ಸದ್ದಿಗೆ ಮಂಚದ ಕೆಳಗೆ ಹೋಗುವ ಮನುಷ್ಯನ ಸಂಕಟವನ್ನು ಮೊದಲ ಬಾರಿಗೆ ಒಳಗಿನಿಂದ ಅರ್ಥ ಮಾಡಿಕೊಂಡೆ.

ಮುಂದಿನ ತಿಂಗಳು ಸೌಮ್ಯಾಳ ಚಿಕ್ಕಪ್ಪನ ಮಗಳ ಮದುವೆಗೆ ಗುಳೇದಗುಡ್ಡಕ್ಕೆ ಹೋಗದೆ ವಿಧಿಯಿರಲಿಲ್ಲ. ಕಲಾವಿದನಾಗಿ ನನಗೊಂದು ಗೌರವ ಸಿಗಬಹುದೆಂಬ ಆಸೆ ಇನ್ನೂ ಪೂರ್ತಿ ಸತ್ತಿರಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಹೊಸ ಜುಬ್ಬಾ ಹಾಕಿಕೊಂಡಿದ್ದೆ. ಮಂಟಪದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಪಿಸುಮಾತು ಎದ್ದು, ಸಾಲುಸಾಲಾಗಿ ತಲೆಗಳು ತಿರುಗಿದವು.

ಆ ಊರಿನಲ್ಲಿ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಮರ್ಯಾದೆ ಮಾಡುವುದೆಂದರೆ ಖಣ ಕೊಡುವುದು. ಖಣವೆಂದರೆ ಕುಬಸ ಹೊಲಿಸಿಕೊಳ್ಳುವ ರೇಷ್ಮೆ ಅಂಚಿನ ತುಂಡು ಬಟ್ಟೆ; ಅಲ್ಲಿಯ ಮಗ್ಗಗಳದೇ ನೇಯ್ಗೆ. ಮದುವೆಮನೆಯ ಹಿರಿಯರಾದ ಚನ್ನಕ್ಕ ತಟ್ಟೆ ಹಿಡಿದು ಬಂದು ಮೊದಲು ಅತ್ತೆಗೆ ಕೊಟ್ಟರು, ಆಮೇಲೆ ಸೌಮ್ಯಾಳಿಗೆ ಕೊಟ್ಟರು. ಆಮೇಲೆ ನನ್ನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಮನಃಪೂರ್ವಕ ಆದರದಿಂದ ಕೇಳಿದರು: “ಕೊಲಿ ಮಾಡಿದಾಕಿ ನೀವ ಏನ್ರಿ?”

ಸುತ್ತ ನೂರು ಮಂದಿ. ಸೌಮ್ಯಾ ಚಾವಣಿ ನೋಡುತ್ತಿದ್ದಳು. ಅತ್ತೆ ಮಾತ್ರ ನೇರವಾಗಿ ನನ್ನ ಕಣ್ಣನ್ನೇ ನೋಡುತ್ತ, ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದರು. ಇನ್ನು ಸುಳ್ಳಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಹೌದ್ರಿ,” ಎಂದೆ. “ನಾನೇ.”

ಚನ್ನಕ್ಕನ ಮುಖ ಅರಳಿತು. ತಟ್ಟೆಯಿಂದ ಒಂದು ಕೆಂಪು ಖಣ ತೆಗೆದು ನನ್ನ ಕೈಯಲ್ಲಿಟ್ಟು ಮೇಲೆ ಕುಂಕುಮದ ಪೊಟ್ಟಣ ಇಟ್ಟರು. ಮುಂದಕ್ಕೆ ಹೊರಟವರು ಏಕೋ ನಿಂತು, ನನ್ನ ಭುಜವನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣಿನಲ್ಲೇ ಅಳೆದು, ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟರು.

“ಒಂದ ಖಣ ಸಾಲೂದಿಲ್ಲ ನಿಮಗ. ನಿಂದರ್ರಿ, ಇನ್ನೊಂದ ತರ್ತೀನಿ.”